ನೇರಳೆ ಪೆನ್ನು

2022ರ ಜೂನ್ 13, ಸೋಮವಾರ. ಶಿರಸಿಯಲ್ಲಿ ಬೆಳಿಗ್ಗೆಯಿಂದಲೇ ಮೋಡ. ಕೊಡೆ ಹಿಡಿದುಕೊಂಡು ಮತಗಟ್ಟೆಗೆ ಹೋದೆ. ಸಾಲು ಅನ್ನುವಷ್ಟು ಸಾಲೇನೂ ಇರಲಿಲ್ಲ. ಹತ್ತಿಪ್ಪತ್ತು ಜನ, ಎಲ್ಲರೂ ಗುರುತಿನವರೇ. ಗಣಿತದ ಮಾಸ್ತರು, ಹಿಂದಿ ಅಕ್ಕೋರು, ಡ್ರಾಯಿಂಗ್ ಸರ್. ಒಳಗೆ ಹೋದರೆ ಮತಯಂತ್ರ ಇಲ್ಲ, ಒತ್ತಲಿಕ್ಕೆ ಗುಂಡಿ ಇಲ್ಲ, ಕಮಲ, ಕೈ, ತೆನೆ ಯಾವ ಚಿಹ್ನೆಯೂ ಇಲ್ಲ. ಒಂದು ಕಾಗದ, ಅದರ ಮೇಲೆ ಕೆಲವು ಹೆಸರು, ಬರೆಯಲಿಕ್ಕೆ ನೇರಳೆ ಬಣ್ಣದ ಒಂದು ಸ್ಕೆಚ್ ಪೆನ್ನು. ಬೇಕಾದ ಹೆಸರಿನ ಮುಂದೆ 1 ಅಂತ ಬರೆಯಬೇಕು. ಮನಸ್ಸಿದ್ದರೆ ಇನ್ನೊಬ್ಬರಿಗೆ 2, ಮತ್ತೊಬ್ಬರಿಗೆ 3. ಟಿಕ್ ಹಾಕಿದರೆ ಆಗುವುದಿಲ್ಲ. ಸಹಿ ಮಾಡಿದರೆ ಮತ ಹಾಳು. ಮೂವತ್ತಮೂರು ವರ್ಷ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಪೆನ್ನಿನಲ್ಲಿ ಅಂಕ ಹಾಕಿದ ಕೈ ನನ್ನದು. ಆ ನೇರಳೆ ಪೆನ್ನು ಹಿಡಿದಾಗ ಸ್ವಲ್ಪ ನಡುಗಿತು.

ಅದು ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಮತಕ್ಷೇತ್ರದಲ್ಲಿ ನನ್ನ ಆರನೇ ಮತ. ಕೊನೆಯದ್ದೂ ಹೌದು. ಯಾರಿಗೆ 1 ಬರೆದೆ ಅಂತ ಇಲ್ಲಿ ಹೇಳುವುದಿಲ್ಲ, ಅದು ಗುಟ್ಟಾಗಿರಬೇಕಾದ ವಿಷಯ. ಬೆರಳಿಗೆ ಶಾಯಿ ಹಚ್ಚಿದ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ಬಸವರಾಜ ಹೊರಟ್ಟಿಯವರು ಎಂಟನೇ ಸಲ ಗೆದ್ದಿದ್ದರು. ಮೊದಲ ಸಲ ಗೆದ್ದದ್ದು 1980ರಲ್ಲಿ. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಎಂಟನೇ ಸಲ ಗೆದ್ದಾಗ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ನನ್ನ ಇಡೀ ಮಾಸ್ತರಿಕೆ ಅವರ ಶಾಸಕಗಿರಿಯ ಒಳಗೇ ಶುರುವಾಗಿ ಒಳಗೇ ಮುಗಿದುಹೋಯಿತು. ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಮನಸ್ಸಿನಲ್ಲಿ ಕೂತಿದೆ.

ಹೊರಟ್ಟಿಯವರು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದವರು. ಊರು ಮುಧೋಳ ಕಡೆಯ ಯಡಹಳ್ಳಿ. ನಮ್ಮ ಕಡೆ ಇಂಥವರನ್ನು ಪಿಟಿ ಮಾಸ್ತರು ಅಂತೀವಿ. ಶಾಲೆಯಲ್ಲಿ ಪಿಟಿ ಮಾಸ್ತರ ಸ್ಥಾನ ಎಂಥದ್ದು ಅಂತ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಯಾರಾದರೂ ರಜೆ ಹಾಕಿದರೆ ಅವರ ತರಗತಿಗೆ ಪಿಟಿ ಮಾಸ್ತರು. ಪ್ರಾರ್ಥನೆಯ ಸಾಲು ನೆಟ್ಟಗೆ ನಿಲ್ಲಿಸಲು ಪಿಟಿ ಮಾಸ್ತರು. ಆಗಸ್ಟ್ 15ರ ಮೊದಲಿನ ಹದಿನೈದು ದಿನ ಅವರೇ ರಾಜ. ಮಾರ್ಚಿನಲ್ಲಿ ಪರೀಕ್ಷೆ ಬಂತು ಅಂದರೆ ಅವರ ಪಿರಿಯಡ್ಡನ್ನು ನಾವೇ ಕಿತ್ತುಕೊಳ್ಳುತ್ತಿದ್ದೆವು. ನಾನೂ ಕಿತ್ತುಕೊಂಡಿದ್ದೇನೆ, ವ್ಯಾಕರಣ ಮುಗಿಸಲಿಕ್ಕೆ. ಹಾಗೆ ಎಲ್ಲರ ಪಾಲಿನ ಕೆಲಸ ಮಾಡಿ, ಎಲ್ಲರಿಗೂ ತನ್ನ ಪಿರಿಯಡ್ಡು ಬಿಟ್ಟುಕೊಡುವ ಜಾಗದಿಂದ ಒಬ್ಬರು ಎದ್ದು ವಿಧಾನ ಪರಿಷತ್ತಿಗೆ ಹೋದರು, ನಲವತ್ತೆರಡು ವರ್ಷವಾದ ಮೇಲೂ ಅಲ್ಲೇ ಇದ್ದರು ಅಂದರೆ, ಅದು ನನಗೆ ದೊಡ್ಡ ಸಂಗತಿ ಅನ್ನಿಸುತ್ತದೆ.

ಹುಬ್ಬಳ್ಳಿಯ ಮಾಸ್ತರಿಗೂ ನಮ್ಮ ಅಂಕೋಲಾ, ಶಿರಸಿಗೂ ಏನು ಸಂಬಂಧ ಅಂತ ಕೇಳಬಹುದು. ಸಂವಿಧಾನದ 171ನೇ ವಿಧಿ ಜೋಡಿಸಿದ ಸಂಬಂಧ ಅದು. ರಾಜ್ಯದಲ್ಲಿ ಮೇಲ್ಮನೆ, ಅಂದರೆ ವಿಧಾನ ಪರಿಷತ್ತು ಇದ್ದರೆ ಅದರ ಹನ್ನೆರಡರಲ್ಲಿ ಒಂದು ಪಾಲು ಸದಸ್ಯರನ್ನು ಶಿಕ್ಷಕರು ಆರಿಸಬೇಕು. ಕರ್ನಾಟಕದ ಪರಿಷತ್ತಿನಲ್ಲಿ 75 ಜನ. ಶಾಸಕರು ಆರಿಸುವವರು 25, ಪಂಚಾಯಿತಿ-ನಗರಸಭೆಯಂಥ ಸ್ಥಳೀಯ ಸಂಸ್ಥೆಗಳವರು ಆರಿಸುವವರು 25, ಪದವೀಧರರು 7, ಶಿಕ್ಷಕರು 7, ಉಳಿದ 11 ನಾಮಕರಣ. ಶಿಕ್ಷಕರ ಏಳು ಕ್ಷೇತ್ರಗಳಲ್ಲಿ ಪಶ್ಚಿಮ ಒಂದು. ಉತ್ತರ ಕನ್ನಡ, ಧಾರವಾಡ, 1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಮತ್ತು ಹಾವೇರಿ ಸೇರಿ ಒಂದೇ ಕ್ಷೇತ್ರ. ಕಾರವಾರದ ಕಾಳಿ ಸೇತುವೆ ಹತ್ತಿರದ ಶಾಲೆಯ ಮಾಸ್ತರಿಗೂ ಗದಗದ ಕರಿಮಣ್ಣಿನ ಶಾಲೆಯ ಮಾಸ್ತರಿಗೂ ಒಬ್ಬರೇ ಪ್ರತಿನಿಧಿ.

ಮತ ಸುಮ್ನೆ ಸಿಗುವುದಿಲ್ಲ. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಪ್ರತಿ ಸಲ ಹೊಸದಾಗಿ ಪಟ್ಟಿ ಮಾಡುತ್ತಾರೆ. ಪ್ರತಿ ಸಲ ನಮೂನೆ 19 ತುಂಬಬೇಕು, ಮುಖ್ಯಾಧ್ಯಾಪಕರಿಂದ ಸೇವೆಯ ದಾಖಲೆ ಬರೆಸಬೇಕು. ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪಾಠ ಮಾಡಿರಬೇಕು. ನಾನು 2020ರಲ್ಲಿ ನಿವೃತ್ತಿಯಾದರೂ 2022ರಲ್ಲಿ ಮತ ಹಾಕಲು ಆದದ್ದು ಇದೇ ಲೆಕ್ಕದಲ್ಲಿ. ಮುಂದಿನ ಚುನಾವಣೆ 2028ರಲ್ಲಿ. ಆಗ ನನ್ನ ಹೆಸರು ಇರುವುದಿಲ್ಲ.

ಗೆಲ್ಲುವ ಲೆಕ್ಕವೂ ಬೇರೆ. ಜಾಸ್ತಿ ಮತ ಬಂದರೆ ಸಾಕಾಗುವುದಿಲ್ಲ. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಬೇಕು. ಯಾರಿಗೂ ಬರದಿದ್ದರೆ ಕಡಿಮೆ ಮತದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಕಾಗದಗಳಲ್ಲಿ 2 ಯಾರಿಗಿದೆ ಅಂತ ನೋಡಿ ಅವರಿಗೆ ಸೇರಿಸುತ್ತಾರೆ. ನಮ್ಮ ಸಮಾಜ ವಿಜ್ಞಾನದ ಮಾಸ್ತರು ಇದನ್ನು ಪ್ರತಿ ಸಲ ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದರು. ಆದರೂ ಪ್ರತಿ ಸಲ ಯಾರಾದರೊಬ್ಬರು ಬಂದು, "ಟಿಕ್ ಹಾಕಿಬಿಟ್ಟೆ ಮಾರಾಯ್ರೆ" ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ಗೊತ್ತಾಯಿತು. ಶಿಕ್ಷಕರ ಕ್ಷೇತ್ರದಲ್ಲಿ ನಿಲ್ಲುವವರು ಶಿಕ್ಷಕರೇ ಆಗಿರಬೇಕು ಅಂತ ಎಲ್ಲೂ ಇಲ್ಲ. ಮೂವತ್ತು ವರ್ಷ ತುಂಬಿ, ರಾಜ್ಯದ ಮತದಾರರಾಗಿದ್ದರೆ ಸಾಕು. ಪದವೀಧರ ಕ್ಷೇತ್ರಕ್ಕೆ ಪದವಿ ಬೇಕೇ ಅನ್ನುವ ಪ್ರಶ್ನೆ 1972ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬೇಕಿಲ್ಲ ಅಂತ ತೀರ್ಪು ಬಂತು. ಆದರೆ ಸರ್ಕಾರಿ ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವವರು ನಿಲ್ಲಬೇಕಾದರೆ ಕೆಲಸ ಬಿಡಬೇಕು. ಹೀಗಾಗಿ ಶಿಕ್ಷಕರ ಕ್ಷೇತ್ರಕ್ಕೆ ನಿಜವಾದ ಶಿಕ್ಷಕರೇ ಬರುವುದು ತಾನಾಗಿ ಆಗುವ ಮಾತಲ್ಲ. ಪಿಟಿ ಪಿರಿಯಡ್ಡು ತೆಗೆದುಕೊಂಡವರೊಬ್ಬರು ಅಲ್ಲಿ ಕೂತಿದ್ದಾರೆ ಅನ್ನುವುದು ನಮ್ಮಂಥವರಿಗೆ ಯಾಕೆ ಅಷ್ಟು ಮುಖ್ಯವಾಯಿತು ಅಂತ ಇದರಿಂದ ತಿಳಿಯುತ್ತದೆ.

ಈಗ ಅಪ್ಪನ ವಿಷಯ. ಅಪ್ಪ ಇಲ್ಲದೆ ಈ ಬರಹ ಮುಂದೆ ಹೋಗುವುದಿಲ್ಲ.

ಅಪ್ಪ ಅಂಕೋಲಾ ತಾಲ್ಲೂಕಿನ ಕನ್ನಡ ಶಾಲೆ ಮಾಸ್ತರು. ನಮ್ಮ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಗೆ ಕನ್ನಡ ಶಾಲೆ ಅಂತಲೇ ಹೆಸರು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ 1952ರಲ್ಲಿ ಕೆಲಸಕ್ಕೆ ಸೇರಿದರು. ಆಗ ನಮ್ಮ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು, ಶಾಲೆಗಳು ಸ್ಕೂಲ್ ಬೋರ್ಡಿನ ಕೈಯಲ್ಲಿದ್ದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. "ಬೆಳಿಗ್ಗೆ ಎದ್ದಾಗ ರಾಜ್ಯ ಬೇರೆ, ಹಾಜರಿ ಪುಸ್ತಕ ಅದೇ" ಅಂತ ಅಪ್ಪ ಹೇಳುತ್ತಿದ್ದರು. ಮಂಜುಗುಣಿಯ ತಾರಿಯಲ್ಲಿ ಗಂಗಾವಳಿ ದಾಟಿ ಆಚೆ ದಡದ ಶಾಲೆಗೆ ಹೋಗುತ್ತಿದ್ದ ವರ್ಷಗಳಿದ್ದವು. ಘಟ್ಟದ ಬುಡದ ಏಕೋಪಾಧ್ಯಾಯ ಶಾಲೆಯಲ್ಲಿ ನಾಲ್ಕು ತರಗತಿಗೆ ಒಬ್ಬರೇ ಇದ್ದ ವರ್ಷಗಳೂ ಇದ್ದವು. ಮಳೆಗಾಲದಲ್ಲಿ ಹಾಲಕ್ಕಿ ಒಕ್ಕಲಿಗರ ಮಕ್ಕಳು ಕೊಪ್ಪೆ ಹೊದ್ದು ಬರುತ್ತಿದ್ದರು. ನೆನೆದು ಬಂದ ಮಕ್ಕಳಿಗೆ ಒಲೆ ಹಚ್ಚಿ ಬೆಚ್ಚಗೆ ಮಾಡಿಸಿ ಆಮೇಲೆ ಪಾಠ. ಜನಗಣತಿ, ಮತದಾರರ ಪಟ್ಟಿ, ಚುನಾವಣೆ ಡ್ಯೂಟಿ, ಎಲ್ಲವೂ ಅವರದೇ. ಲೋಕಸಭೆ, ವಿಧಾನಸಭೆ ಅಂತ ಎಷ್ಟು ಚುನಾವಣೆಯಲ್ಲಿ ಮತಪೆಟ್ಟಿಗೆ ಹೊತ್ತು ಹೋಗಿದ್ದರೋ ಅವರಿಗೇ ಲೆಕ್ಕ ಇರಲಿಲ್ಲ. 1991ರಲ್ಲಿ ನಿವೃತ್ತಿಯಾದರು.

1992ರಲ್ಲಿ ನನಗೆ ಶಿಕ್ಷಕರ ಕ್ಷೇತ್ರದ ಮೊದಲ ಮತ ಬಂತು. ಆಗ ನನ್ನ ಸೇವೆ ಐದು ವರ್ಷ. ಸಂಭ್ರಮದಿಂದ ಮನೆಗೆ ಬಂದು, "ಅಪ್ಪಾ, ನೀವು ಎಷ್ಟು ಸಲ ಹಾಕಿದ್ದೀರಿ?" ಅಂತ ಕೇಳಿದೆ. ಅಪ್ಪ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ತಲೆ ಎತ್ತದೆ, "ನಮಗೆಲ್ಲಿ ಬಂತೇ ಅದು? ನಾವು ಕನ್ನಡ ಶಾಲೆಯವರು" ಅಂದರು.

ನನಗೆ ಗೊತ್ತೇ ಇರಲಿಲ್ಲ. ಪ್ರೌಢಶಾಲೆಗಿಂತ ಕೆಳಗಿನ ಶಾಲೆಯಲ್ಲಿ ಪಾಠ ಮಾಡುವವರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತ ಇಲ್ಲ. ಅದೂ ಅದೇ 171ನೇ ವಿಧಿಯಲ್ಲೇ ಇದೆ. ಮೂವತ್ತೊಂಬತ್ತು ವರ್ಷ ಅ ಆ ಇ ಈ ಕಲಿಸಿದ ಅಪ್ಪ ಈ ಲೆಕ್ಕದಲ್ಲಿ ಶಿಕ್ಷಕರಲ್ಲ. ಅವರು ತಿದ್ದಿಸಿ ಕಳಿಸಿದ ಮಕ್ಕಳಿಗೆ ಎಂಟನೇ ತರಗತಿಯಲ್ಲಿ ಪದ್ಯ ಹೇಳಿಕೊಡುತ್ತಿದ್ದ ನಾನು ಐದೇ ವರ್ಷಕ್ಕೆ ಶಿಕ್ಷಕಿ. ಅಪ್ಪನಿಗೆ ಇದರ ಬಗ್ಗೆ ಸಿಟ್ಟೇನೂ ಇರಲಿಲ್ಲ. ನನಗೆ ಬಂತು. ಇವತ್ತಿಗೂ ಇದೆ. ಸಂವಿಧಾನ ಬರೆದ ಕಾಲದಲ್ಲಿ ಪ್ರೌಢಶಾಲೆಯೇ ದೊಡ್ಡ ಓದು, ಹಾಗಾಗಿ ಅಲ್ಲಿಗೆ ಗೆರೆ ಎಳೆದರು ಅಂತ ಯಾರಾದರೂ ಹೇಳಬಹುದು. ಆದರೆ ಇವತ್ತು ಕನ್ನಡ ಶಾಲೆಯ ಅಕ್ಕೋರುಗಳಲ್ಲಿ ಎಷ್ಟೋ ಜನ ಎಂಎ, ಬಿಎಡ್ ಮಾಡಿದವರು. ಗೆರೆ ಮಾತ್ರ ಇದ್ದಲ್ಲೇ ಇದೆ.

ನಾನು ಸೇರಿದ್ದು ಕರಾವಳಿಯ ಒಂದು ಖಾಸಗಿ ಪ್ರೌಢಶಾಲೆ. ಹೆಸರು ಬೇಡ. 1987ರಲ್ಲಿ ಸೇರಿದಾಗ ಅದಕ್ಕೆ ಅನುದಾನ ಇರಲಿಲ್ಲ. ತಿಂಗಳಿಗೆ 350 ರೂಪಾಯಿ, ಅದೂ ಕೆಲವು ತಿಂಗಳು ಎರಡು ಕಂತು. ಅನುದಾನ ಬಂದರೆ ಸರ್ಕಾರದ ಸಂಬಳ ಬರುತ್ತದೆ ಅಂತ ಒಂದೇ ಆಸೆಯಲ್ಲಿ ಏಳು ವರ್ಷ ಕಳೆದೆವು. ಅನುದಾನಿತ ಶಾಲೆಯ ಬದುಕೇ ಹಾಗೆ. ಕಟ್ಟಡ ಆಡಳಿತ ಮಂಡಳಿಯದ್ದು, ನೇಮಕ ಅವರದ್ದು, ಅದಕ್ಕೆ ಒಪ್ಪಿಗೆ ಇಲಾಖೆಯದ್ದು, ಸಂಬಳ ಸರ್ಕಾರದ್ದು. ಎಲ್ಲ ಕಡೆಯೂ ಕೈ ಮುಗಿಯಬೇಕು. ಒಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಮತ್ತೆ ಅನುಮತಿ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಹುದ್ದೆಗೇ ಕುತ್ತು. ಒಂದು ಕಡತ ಮೇಜಿನಿಂದ ಮೇಜಿಗೆ ಹೋಗಲು ತಿಂಗಳುಗಟ್ಟಲೆ.

ಇಂಥ ಬದುಕಿನಲ್ಲಿ ಪರಿಷತ್ತಿನ ಸದಸ್ಯರು, ಎಂಎಲ್‌ಸಿ ಅಂದರೆ ನಮಗೆ ಏನು? ಕಡತ ತಳ್ಳುವವರು. ಇದನ್ನು ಕೀಳಾಗಿ ಹೇಳುತ್ತಿಲ್ಲ. ಊರಿನ ಎಂಎಲ್‌ಎಗೆ ರಸ್ತೆ ಇದೆ, ಸೇತುವೆ ಇದೆ, ನೆರೆ ಪರಿಹಾರ ಇದೆ. ಮಾಸ್ತರ ಬಡ್ತಿಯ ಕಾಗದ ಅವರಿಗೆ ನೂರರಲ್ಲಿ ಒಂದು. ಶಿಕ್ಷಕರ ಕ್ಷೇತ್ರದಿಂದ ಹೋದವರಿಗೆ ಅದೇ ಮುಖ್ಯ ಕೆಲಸ. ಸಂಬಳ, ಪಿಂಚಣಿ, ಅನುದಾನದ ಮಾತು ಬಂದಾಗೆಲ್ಲ ನಮ್ಮ ಸ್ಟಾಫ್ ರೂಮಿನಲ್ಲಿ ಹೊರಟ್ಟಿಯವರ ಹೆಸರು ಬರುತ್ತಿತ್ತು. ಒಬ್ಬರನ್ನು ಜನ ಆರು ವರ್ಷಕ್ಕೊಮ್ಮೆ, 1980, 86, 92, 98, 2004, 10, 16, 22 ಅಂತ ಎಂಟು ಸಲ ಕಳಿಸುತ್ತಾರೆ ಅಂದರೆ ಅದು ಬರೀ ಮಾತಿನಿಂದ ಆಗುವುದಿಲ್ಲ. ಮತದಾರರೆಲ್ಲ ಮೇಷ್ಟ್ರುಗಳು. ಅಂಕ ಹಾಕುವುದೇ ಅವರ ಕೆಲಸ.

ಚುನಾವಣೆ ಬಂದಾಗ ಅಭ್ಯರ್ಥಿಗಳೋ ಅವರ ಕಡೆಯವರೋ ಸ್ಟಾಫ್ ರೂಮಿಗೆ ಬರುತ್ತಿದ್ದರು. ಚಹಾ ತರಿಸುತ್ತಿದ್ದೆವು. ಆಮೇಲೆ ನಮ್ಮ ಪ್ರಶ್ನೆಗಳು ಶುರು. ವೇತನ ತಾರತಮ್ಯ ಯಾವಾಗ ಸರಿಯಾಗುತ್ತದೆ? ಖಾಲಿ ಹುದ್ದೆ ಯಾವಾಗ ತುಂಬುತ್ತಾರೆ? 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವಲ್ಲ, ಅವರ ಗತಿ ಏನು? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ನನ್ನ ಜೊತೆ ಕೆಲಸ ಮಾಡಿದ ಕಿರಿಯರು ಮುಪ್ಪಿನಲ್ಲಿ ಏನು ಮಾಡಬೇಕು ಅಂತ ಕೇಳುವುದು ತಪ್ಪಲ್ಲ.

ಆದರೆ ಒಂದು ದಿನ ಅಪ್ಪ ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. 2004ರ ಚುನಾವಣೆ ಸಮಯ. ನಾನು ಮನೆಯಲ್ಲಿ ನಮ್ಮ ಬೇಡಿಕೆಗಳ ಪಟ್ಟಿಯನ್ನು ಓದಿ ಹೇಳುತ್ತಿದ್ದೆ. ಒಟ್ಟು ಹದಿನಾಲ್ಕು ಅಂಶ. ಅಪ್ಪ ಪೂರ್ತಿ ಕೇಳಿದರು. ಆಮೇಲೆ, "ಇದರಲ್ಲಿ ಹುಡುಗರದ್ದು ಯಾವುದು?" ಅಂದರು. ನಾನು ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಮಕ್ಕಳ ಹೆಸರು ಹೇಳುವ ಒಂದು ಸಾಲು ಇತ್ತು. "ವಿದ್ಯಾರ್ಥಿಗಳ ಸಂಖ್ಯೆಯ ಮಿತಿಯನ್ನು ಸಡಿಲಿಸುವುದು." ಅದೂ ಹುದ್ದೆ ಉಳಿಸಿಕೊಳ್ಳಲಿಕ್ಕೆ.

ಆರು ಚುನಾವಣೆಯಲ್ಲಿ ನಾನು ಒಬ್ಬ ಅಭ್ಯರ್ಥಿಯನ್ನೂ ಮಕ್ಕಳ ಬಗ್ಗೆ ಕೇಳಲಿಲ್ಲ. ಒಂಬತ್ತನೇ ತರಗತಿಗೆ ಬಂದರೂ ಒಂದು ಪುಟ ತಡವರಿಸದೆ ಓದಲಾಗದ ಹುಡುಗರು ಪ್ರತಿ ವರ್ಷ ನನ್ನ ಮುಂದೆ ಕೂತಿದ್ದರು. ಮೀನುಗಾರಿಕೆ ಶುರುವಾದಾಗ ದೋಣಿಗೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಳ್ಳುವ ಹುಡುಗರಿದ್ದರು. ನದಿ ಆಚೆಯಿಂದ ಬರುವ ಹುಡುಗಿಯರು ಜುಲೈನಲ್ಲಿ ನೀರು ಏರಿದರೆ ಶಾಲೆಗೆ ಬರುತ್ತಿರಲಿಲ್ಲ. ಇವೆಲ್ಲ ನನಗೆ ಗೊತ್ತಿತ್ತು. ಚಹಾ ಕುಡಿಯುತ್ತಾ ಇದನ್ನು ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ. ಶಿಕ್ಷಕರ ಕ್ಷೇತ್ರ ಅನ್ನುವ ಹೆಸರನ್ನು ನಾವು ಶಿಕ್ಷಕರ ತಾಪತ್ರಯದ ಕ್ಷೇತ್ರ ಅಂತ ತಿಳಿದುಕೊಂಡೆವು. ಪ್ರತಿನಿಧಿಗಳು ನಾವು ಕೇಳಿದ್ದನ್ನು ಹೊತ್ತುಕೊಂಡು ಹೋದರು. ಕೇಳದೇ ಇದ್ದದ್ದನ್ನು ಅವರು ಯಾಕೆ ಹೊರಲಿಲ್ಲ ಅಂತ ಕೇಳಲು ನನಗೆ ಬಾಯಿಲ್ಲ.

ಮಾಸ್ತರೊಬ್ಬರಿಗೆ ಇಡೀ ರಾಜ್ಯದ ಶಾಲೆಗಳೇ ಕೈಗೆ ಸಿಕ್ಕ ಕಾಲವೂ ಬಂತು. 2006ರಲ್ಲಿ ಹೊರಟ್ಟಿಯವರು ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾದರು. ಪಿಟಿ ಮಾಸ್ತರಾಗಿದ್ದವರು ಶಿಕ್ಷಣ ಮಂತ್ರಿ! ನಮ್ಮ ಶಾಲೆಯ ಪಿಟಿ ಮಾಸ್ತರು ಅವತ್ತು ಎಲ್ಲರಿಗೂ ಪೇಡೆ ಹಂಚಿದರು. ಆ ಸಮಯದಲ್ಲಿ ನಡೆದ ಒಂದು ಕೆಲಸ ನನಗೆ ಚೆನ್ನಾಗಿ ನೆನಪಿದೆ. ಕನ್ನಡ ಮಾಧ್ಯಮ ಅಂತ ಅನುಮತಿ ಪಡೆದು ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಇಲಾಖೆ ಹೊರಟಿತು. 1994ರ ಭಾಷಾ ನೀತಿಯಂತೆ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಪಾಠ ನಡೆಯಬೇಕಿತ್ತು. ಕನ್ನಡ ಕಲಿಸುವ ನನಗೆ ಆಗ ರೆಕ್ಕೆ ಬಂದ ಹಾಗಾಗಿತ್ತು. ಅಂತೂ ಒಬ್ಬ ಮಾಸ್ತರು ಬೆತ್ತ ಹಿಡಿದರು ಅಂತ ಅಪ್ಪನ ಹತ್ತಿರ ಹೇಳಿದೆ.

ಅಪ್ಪನಿಗೆ ಆಗ ಎಪ್ಪತ್ತಮೂರು. ಅವರು ಅಂದದ್ದು, "ಬೋರ್ಡು ಕಿತ್ತರೆ ಮಕ್ಕಳು ನಮ್ಮ ಶಾಲೆಗೆ ಬರ್ತಾರಾ? ವ್ಯಾನು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗ್ತಾರೆ." ಅಷ್ಟರಲ್ಲಿ ಪಟ್ಟಣದ ಶಾಲೆಗಳ ಹಳದಿ ವ್ಯಾನುಗಳು ನಮ್ಮೂರಿನ ಗಜನಿ ಗದ್ದೆಯ ಏರಿವರೆಗೂ ಬರಲು ಶುರುವಾಗಿದ್ದವು. ಮರುವರ್ಷ, 2007ರಿಂದ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು ಬಂತು. ಅದರ ಬಗ್ಗೆ ದೊಡ್ಡ ಜಗಳಗಳಾದವು. ಸಾಹಿತಿಗಳು ಬೀದಿಗೆ ಬಂದರು. ನಾನು ಆಗ ಅದನ್ನು ವಿರೋಧಿಸಿದೆ. ಈಗ ಅಷ್ಟು ಖಚಿತವಾಗಿ ವಿರೋಧಿಸಲಾರೆ. ವ್ಯಾನಿಗೆ ದುಡ್ಡು ಕೊಡಲಾಗದ ಮನೆಯ ಮಗುವಿಗೆ ಇಂಗ್ಲಿಷಿನ ನಾಲ್ಕು ಅಕ್ಷರವಾದರೂ ಸಿಗಲಿ ಅನ್ನುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಾಧ್ಯಮದ ಪ್ರಶ್ನೆ ಕೋರ್ಟಿಗೆ ಹೋಯಿತು. 2008ರಲ್ಲಿ ಹೈಕೋರ್ಟ್, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಎರಡೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ. ಅಪ್ಪ ಹಿಂದಿನ ವರ್ಷವೇ ಹೋಗಿಬಿಟ್ಟಿದ್ದರು. ಇದ್ದಿದ್ದರೆ ವ್ಯಾನಿನ ಮಾತನ್ನೇ ಇನ್ನೊಮ್ಮೆ ಹೇಳುತ್ತಿದ್ದರೋ ಏನೋ.

ಮಂತ್ರಿಯಾದರೂ ಮಾಸ್ತರ ಕೈಗೆ ಇರುವ ಅಳತೆ ಇಷ್ಟೇ ಅಂತ ನನಗೆ ಅನ್ನಿಸಿದ್ದು ಆಗ. ಅದಕ್ಕೇ ದಿನಕರ ದೇಸಾಯಿಯವರು ನೆನಪಾಗುತ್ತಾರೆ. ಅವರದು ತಿರುಗುಮುರುಗು ದಾರಿ. ಅಂಕೋಲಾ ಬಳಿಯ ಅಲಗೇರಿಯವರು. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಹೈಸ್ಕೂಲು ಅಂದರೆ ದೂರದ ಪೇಟೆಯ ಮಾತು ಅನ್ನುತ್ತಿದ್ದ ಕರಾವಳಿಯ ಹಳ್ಳಿಗಳಿಗೆ ಶಾಲೆ ಬಂತು. ಅದಾಗಿ ಎಷ್ಟೋ ವರ್ಷದ ಮೇಲೆ, 1967ರಲ್ಲಿ, ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಮೊದಲು ಶಾಲೆ, ಆಮೇಲೆ ಸಂಸತ್ತು. ನಮ್ಮ ಕಡೆ ಇವತ್ತಿಗೂ ಅವರನ್ನು ಮಾಜಿ ಸಂಸದರು ಅಂತ ಯಾರೂ ಗುರುತಿಸುವುದಿಲ್ಲ. ಶಾಲೆ ಕೊಟ್ಟವರು ಅಂತಾರೆ.

ಮತ್ತೆ ಪರಿಷತ್ತಿಗೆ ಬರುತ್ತೇನೆ. 2020ರ ಡಿಸೆಂಬರ್ 15ರಂದು ಟಿವಿಯಲ್ಲಿ ನೋಡಿದ್ದನ್ನು ಮರೆಯಲಾಗುವುದಿಲ್ಲ. ಪೀಠದ ಮೇಲೆ ಕೂತಿದ್ದ ಉಪಸಭಾಪತಿಯನ್ನು ಸದಸ್ಯರೇ ಹಿಡಿದು ಎಳೆದರು. ಮೇಲ್ಮನೆಯನ್ನು ಹಿರಿಯರ ಮನೆ, ಚಿಂತಕರ ಚಾವಡಿ ಅಂತ ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೆವು. ನಾನು ನಿವೃತ್ತಿಯಾಗಿ ಏಳು ತಿಂಗಳಾಗಿತ್ತು. ಕೊರೋನಾ ಕಾಲದ ನಿವೃತ್ತಿ. ಬೀಳ್ಕೊಡುಗೆ ಇಲ್ಲ, ಮಕ್ಕಳಿಲ್ಲ, ಖಾಲಿ ತರಗತಿಯ ಬೀಗ ಹಾಕಿ ಕೀಲಿ ಕೊಟ್ಟು ಬಂದಿದ್ದೆ. ಅವತ್ತು ಮೊದಲ ಸಲ, ಸದ್ಯ ನಾಳೆ ಬೆಳಿಗ್ಗೆ ಹತ್ತನೇ ತರಗತಿಯ ಮುಂದೆ ನಿಲ್ಲಬೇಕಿಲ್ಲ ಅಂತ ಅನ್ನಿಸಿತು.

ಎರಡು ತಿಂಗಳಿಗೆ, 2021ರ ಫೆಬ್ರವರಿ 9ರಂದು, ಅದೇ ಮನೆಗೆ ಹೊರಟ್ಟಿಯವರು ಸಭಾಪತಿಯಾದರು. ಆಗ ವಿಧಾನಸಭೆಯ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ. ಅವರು ನಮ್ಮ ಅಂಕೋಲಾದಿಂದ ಮೂರು ಸಲ, ಕ್ಷೇತ್ರಗಳು ಬದಲಾದ ಮೇಲೆ ಶಿರಸಿಯಿಂದ ಮೂರು ಸಲ ಗೆದ್ದವರು. 2008ರಿಂದ ಐದು ವರ್ಷ ಅವರೂ ಇದೇ ಶಿಕ್ಷಣ ಖಾತೆ ನೋಡಿಕೊಂಡವರು. ಎಂಥ ಯೋಗ ನೋಡಿ. ರಾಜ್ಯದ ಎರಡು ಮನೆಯ ಎರಡು ಪೀಠದಲ್ಲೂ ಒಂದು ಕಾಲದ ಶಿಕ್ಷಣ ಮಂತ್ರಿಗಳು. ಶಿರಸಿಯ ಒಬ್ಬ ಹೈಸ್ಕೂಲ್ ಅಕ್ಕೋರು ಆ ಇಬ್ಬರ ಕ್ಷೇತ್ರದಲ್ಲೂ ಮತದಾರಳು. ಅಷ್ಟು ಹತ್ತಿರ ಇದ್ದೆವು ನಾವು. ಆ ದಿನಗಳಲ್ಲೂ ಘಟ್ಟದ ಮೇಲಿನ, ಕೆಳಗಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಲೇ ಇತ್ತು.

ಹೊರಟ್ಟಿಯವರು 2022ರ ಮೇ ತಿಂಗಳಿನಲ್ಲಿ ಸಭಾಪತಿ ಸ್ಥಾನ ಬಿಟ್ಟು, ಜೆಡಿಎಸ್ ಬಿಟ್ಟು, ಬಿಜೆಪಿ ಸೇರಿ ಚುನಾವಣೆಗೆ ನಿಂತರು. ಈ ಬಗ್ಗೆ ನಮ್ಮ ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ವಾರ ಚರ್ಚೆ. ಪಕ್ಷ ಬದಲಿಸಿದ್ದು ಸರಿಯಲ್ಲ ಅಂತ ಕೆಲವರು. ಶಿಕ್ಷಕರ ಕೆಲಸಕ್ಕೆ ಪಕ್ಷ ಯಾಕೆ ಅಂತ ಕೆಲವರು. ನನಗೆ ಪಕ್ಷ ಬದಲಿಸುವುದು ಯಾರು ಮಾಡಿದರೂ ಇಷ್ಟವಾಗುವುದಿಲ್ಲ. ಶಿಕ್ಷಕರ ಕ್ಷೇತ್ರದ ಸದಸ್ಯರು ಪಕ್ಷದ ಬಾವುಟ ಹಿಡಿಯದೇ ಇದ್ದರೆ ಚೆನ್ನ ಅಂತ ನನ್ನ ನಂಬಿಕೆ. ಅದನ್ನು ಗುಂಪಿನಲ್ಲೂ ಬರೆದೆ. ಅವರು ಗೆದ್ದರು. ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಸಭಾಪತಿಯಾದರು.

ಈಗ ಆ ಹುಡುಗಿಯ ವಿಷಯ.

ಮತಗಟ್ಟೆಯಲ್ಲಿ ಚೀಟಿ ತೋರಿಸಿ ಮುಂದೆ ಹೋದೆ. ಮೇಜಿನ ಹಿಂದೆ ಶಾಯಿ ಬಾಟಲಿ ಇಟ್ಟುಕೊಂಡು ಕೂತವಳು ನನ್ನನ್ನು ನೋಡಿ ಎದ್ದು ನಿಂತುಬಿಟ್ಟಳು. "ಅಕ್ಕೋರೆ!" ಅಂದಳು. ಇಪ್ಪತ್ತು ವರ್ಷದ ಹಿಂದೆ ನನ್ನ ತರಗತಿಯ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವಳು. ಪದ್ಯವನ್ನು ರಾಗವಾಗಿ ಹೇಳುತ್ತಿದ್ದಳು. ಈಗ ಶಿರಸಿ ತಾಲ್ಲೂಕಿನ ಕಾಡಿನ ನಡುವಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ ಅಂತ ಗೊತ್ತಿತ್ತು. ನನ್ನ ಬೆರಳು ಹಿಡಿದು ಮೆಲ್ಲಗೆ ಶಾಯಿ ಹಚ್ಚಿದಳು. ಒರೆಸಿಕೊಳ್ಳಬೇಡಿ, ಸ್ವಲ್ಪ ಹೊತ್ತು ಒಣಗಲಿ ಅಂದಳು. ಅಪ್ಪ ಎಷ್ಟು ಸಾವಿರ ಬೆರಳಿಗೆ ಹೀಗೆ ಶಾಯಿ ಹಚ್ಚಿದ್ದರೋ.

ಮತ ಹಾಕಿ ಹೊರಗೆ ಬಂದು ಕಾದೆ. ಮಧ್ಯಾಹ್ನ ಅವಳು ನೀರು ಕುಡಿಯಲು ಬಂದಾಗ ಹತ್ತು ನಿಮಿಷ ಮಾತಾಡಿದೆವು. "ನಿಂಗೆ ಇದರಲ್ಲಿ ಮತ ಇಲ್ಲ ಅಲ್ವಾ?" ಅಂತ ಕೇಳಿದೆ. "ಇಲ್ಲ ಅಕ್ಕೋರೆ, ನಾವು ಪ್ರೈಮರಿ" ಅಂದಳು. ಅಪ್ಪನ ಹಾಗೇ. ಅವಳಿಗೂ ಸಿಟ್ಟಿರಲಿಲ್ಲ. ಅವಳ ತಲೆಯಲ್ಲಿ ಬೇರೆ ವಿಷಯ ಇತ್ತು.

"ಶಾಲೆಯಲ್ಲಿ ಎಷ್ಟು ಮಕ್ಕಳು?" ಅಂತ ಕೇಳಿದೆ.

"ಹೋದ ವರ್ಷ ಒಂಬತ್ತಕ್ಕೆ ಇಳಿದಿತ್ತು. ಬೇಸಿಗೆ ರಜೆಯಲ್ಲಿ ಮನೆಮನೆಗೆ ಹೋದೆ ಅಕ್ಕೋರೆ. ಒಬ್ಬ ಹುಡುಗನ ಅಪ್ಪ ವ್ಯಾನಿಗೆ ಕೊಡುವ ದುಡ್ಡಿಲ್ಲ ಅಂತ ಕಳಿಸಿದರು. ಇನ್ನೊಬ್ಬಳು, ಅವಳ ಅಮ್ಮ ನಾನು ಓದಿದ ಶಾಲೆಯಲ್ಲೇ ಮಗಳು ಓದಲಿ ಅಂತ ಕಳಿಸಿದ್ದಾರೆ. ಈಗ ಹನ್ನೊಂದು."

ಒಳಗಿನಿಂದ ಯಾರೋ ಕರೆದರು. ಹೋಗುವಾಗ ತಿರುಗಿ, "ಆ ಹುಡುಗಿ ಎರಡೇ ವಾರದಲ್ಲಿ ಅ ಬರೀತಾಳೆ ಅಕ್ಕೋರೆ, ಎಷ್ಟು ದುಂಡಗೆ ಗೊತ್ತಾ" ಅಂದಳು. ಗಾಳಿಯಲ್ಲಿ ಬೆರಳಾಡಿಸಿ ಬರೆದೂ ತೋರಿಸಿದಳು. ಅವಳ ಬೆರಳಿನ ತುದಿಗೂ ಶಾಯಿ ಮೆತ್ತಿತ್ತು.